ಇಳಿತದ ಪಾಠಕ್ಕೆ ಒಪ್ಪಿಗೆ

ಟೆಕೋರೋ ಮೇಷ್ಟ್ರಿಗೆ ಮೌರಿ, ನಮಸ್ಕಾರ.

ಹವಳದ ದಿಬ್ಬದ ಕಂಡಿಯ ಹತ್ತಿರವೇ ಉಬ್ಬರ ಇಳಿತದ ಪಾಠ ಮಾಡುತ್ತೇನೆಂದು ನೀವು ಕಳಿಸಿದ ಒಪ್ಪಿಗೆ ಚೀಟಿಯನ್ನು ಎರಡು ಸಲ ಸಹಿ ಹಾಕದೆ ಹಿಂದಿರುಗಿಸಿದೆ. ನೀವೇ ಮನೆಗೆ ಬಂದು, "ಅಕ್ಕಾ, ಕರಿಹಲಗೆ ಮೇಲೆ ನೀರು ಹರಿಯಲ್ಲ. ಒಂದು ಮಗುನ ಬಿಟ್ಟು ನಾನು ಪಾಠ ಮಾಡಲ್ಲ" ಅಂದಿರಿ. ನಾನು ಬಾಗಿಲು ಹಾಕಿಕೊಂಡೆ. ಕ್ಷಮಿಸಿ.

ನಿನ್ನೆ ಮಗಳು ಟೆರೇಸಿಯಾ ಊಟ ಮುಟ್ಟಲಿಲ್ಲ. "ನಿನ್ನಿಂದಾನೇ ಪಾಠ ನಿಂತಿದ್ದು ಅಂತ ಎಲ್ಲರೂ ನನ್ನ ನೀರಿಗಿಳಿಯದ ಒಣಮೀನು ಅಂತಾರಮ್ಮ. ಅಣ್ಣ ಹೋದ ಜಾಗ ನಾನು ನೋಡಲೇಬಾರದಾ?" ಅಂದಳು.

ಇದರ ಜೊತೆ ನನ್ನ ಮಗ ಇಯೋಟೆಬಾನ ವಿಜ್ಞಾನದ ನೋಟುಬುಕ್ಕಿದೆ. ಉಬ್ಬರ ಇಳಿತದ ಪುಟ ನೋಡಿ. ಚಂದ್ರನ ಸೆಳೆತ ಬರೆದಿದ್ದಾನೆ, ಚಿತ್ರ ಬಿಡಿಸಿದ್ದಾನೆ, ಹತ್ತಕ್ಕೆ ಹತ್ತು ಬಂದಿದೆ. ಅದಾದ ಮೂರನೇ ವಾರ, ಇಳಿತದ ಹೊತ್ತಿನಲ್ಲಿ, ಆ ಕಂಡಿಯಲ್ಲಿ ಈಜಲು ಇಳಿದ. ಆಗ ದಿಬ್ಬದೊಳಗಿನ ನೀರೆಲ್ಲ ಆ ಕಂಡಿಯಿಂದಲೇ ಹೊರಗಿನ ಕಡಲಿಗೆ ನುಗ್ಗುತ್ತದೆಂದು ಪುಟದಲ್ಲಿಲ್ಲ. ತರಾವಾ ದ್ವೀಪದಿಂದ ಆಗಷ್ಟೇ ಇಲ್ಲಿಗೆ ಬಂದಿದ್ದ ನನಗೂ ಗೊತ್ತಿರಲಿಲ್ಲ.

ಈಗ ಸಹಿ ಹಾಕಿದ್ದೇನೆ. ಯಾರೂ ನೀರಿಗೆ ಕಾಲಿಡುವ ಮೊದಲು ಕಂಡಿಗೆ ಒಂದು ತೆಂಗಿನ ಸಿಪ್ಪೆ ಎಸೆಯಿರಿ. ಅದು ಕಣ್ಮರೆಯಾಗುವವರೆಗೆ ಮಕ್ಕಳು ಎಣಿಸಲಿ. ಟೆರೇಸಿಯಾ ಗಟ್ಟಿಯಾಗಿ ಎಣಿಸಲಿ. ನನ್ನ ತಮ್ಮ ಕಂಡಿಯ ಆಚೆ ದೋಣಿ ಹಿಡಿದು ನಿಂತಿರುತ್ತಾನೆ. ಆಮೇಲೆ ಆ ಪುಟವನ್ನು ಎಲ್ಲರಿಗೂ ತೋರಿಸಿ.

ಪಾಠ ಮುಗಿದ ಮೇಲೆ ನೋಟುಬುಕ್ಕನ್ನು ತಪ್ಪದೆ ಕಳಿಸಿಕೊಡಿ. ಮಳೆಯಿದ್ದರೆ ಮರುದಿನ ಕಳಿಸಿದರೂ ಸರಿ. ಅದು ಒದ್ದೆಯಾಗಬಾರದು.

ಇಂತಿ,
ಇಯೋಟೆಬಾ ಮತ್ತು ಟೆರೇಸಿಯಾಳ ತಾಯಿ,
ಟೆಬೋರಾ