ಹ್ಯಾಂಡಲ್ ಬಿಡದೆ ಶರಣು

೧೩ ಜೂನ್ ೧೯೭೭, ಸೋಮವಾರ

ಮತ್ತೆ ತಡ. ಸಾಲಿಯ ಘಂಟೆ ಹತ್ತೂವರೆಗೆ, ನಾನು ಮುಟ್ಟಿದ್ದು ಹತ್ತು ನಲವತ್ತೆರಡಕ್ಕೆ. ಬಸವನ ಬಾಗೇವಾಡಿಯಿಂದ ಇಂಗಳೇಶ್ವರಕ್ಕೆ ಆರೇಳು ಮೈಲಿ. ಬಸ್ಸಿಗೆ ಅದು ಕಾಶಿಯಾತ್ರೆ. ಡ್ರೈವರನ ಚಹಾ, ಕಂಡಕ್ಟರನ ಎಲೆ ಅಡಿಕೆ, ಯಾರದೋ ಆಡು ಒಳಗೋ ಟಾಪಿನ ಮೇಲೋ ಎಂಬ ಜಗಳ... ಎಲ್ಲ ಮುಗಿದ ಮೇಲೆ ನಾನು. ಹಾಜರಿ ಪುಸ್ತಕದಲ್ಲಿ ನನ್ನ ಹೆಸರಿನ ಮುಂದೆ ಕೆಂಪು ಶಾಯಿ. ಈ ಸಾಲಿಗೆ ವರ್ಗವಾಗಿ ಬಂದು ಹದಿನೈದು ದಿನ ಆಗಿಲ್ಲ, ಇದು ಎರಡನೆಯದು.

ಸಂಜೆ ಮೆಮೊ ಕೈಗೆ ಬಂತು. ಇನ್ನೊಂದು ಸಲ ತಡವಾದರೆ ಇಂಡಿ ತಾಲೂಕಿನ ಲಚ್ಯಾಣಕ್ಕೆ ವರ್ಗ. ಲಚ್ಯಾಣ ಒಳ್ಳೆಯ ಊರು, ಮಠ ಇದೆ, ಜನ ಒಳ್ಳೆಯವರು. ಆದರೆ ಯಜಮಾನರ ಟೇಲರ್ ಅಂಗಡಿ ಇಲ್ಲಿ, ಅತ್ತೆ ಇಲ್ಲಿ. ನಾನು ಅಲ್ಲಿ ಒಬ್ಬಳೇ ಕೋಣೆ ಹಿಡಿದು ಅನ್ನ ಬೇಯಿಸಿಕೊಳ್ಳಬೇಕು. ನಲವತ್ತೆರಡನೇ ವಯಸ್ಸಿಗೆ ಮನೆ ಎರಡು ಒಲೆ ಆಗುತ್ತದೆ.

ಇಪ್ಪತ್ತು ವರ್ಷ ಬಾಗೇವಾಡಿಯ ಸಾಲಿಯಲ್ಲಿ ‘ಹೊತ್ತಿಗೆ ಸರಿಯಾಗಿ ಬಾ’ ಎಂದು ಮಕ್ಕಳಿಗೆ ಬೆತ್ತ ತೋರಿಸಿದವಳು ನಾನು. ನಾಚಿಕೆಯಾಯಿತು.

೧೪ ಜೂನ್

ಬೀರಣ್ಣನ ಚಕ್ಕಡಿಯಲ್ಲಿ ಹೋದೆ. ಅವನ ಹೊಲ ಇಂಗಳೇಶ್ವರದ ಹಾದಿಯಲ್ಲೇ. ಏಳೂವರೆಗೆ ಹೊರಟು ಹತ್ತಕ್ಕೆ ತಲುಪಿದೆ. ಮೈಯೆಲ್ಲ ಹುಣ್ಣು. ಬಿತ್ತನೆ, ಕಳೆಗೆ ಎಡೆ ಹೊಡೆಯುವುದು ಮುಗಿಯುವವರೆಗೆ ಅಂದರೆ ಜುಲೈ ಕೊನೆಯವರೆಗೆ ಕರೆದೊಯ್ಯುತ್ತಾನಂತೆ. ಆಮೇಲೆ?

೧೬ ಜೂನ್, ಗುರುವಾರ

ಯಜಮಾನರು ವಿಜಾಪುರದಿಂದ ಹಳೆಯ ಮೊಪೆಡ್ ತಂದಿದ್ದಾರೆ. ಹಸಿರು ಬಣ್ಣ. ಸೈಕಲ್ಲಿನ ಹಾಗೆ ಪೆಡಲ್ ಇದೆ, ಮಧ್ಯದಲ್ಲಿ ತಂಬಿಗೆಯಷ್ಟು ಇಂಜಿನ್.

“ನೀವು ಕಲ್ತು ನನ್ನ ಬಿಟ್ಟು ಬರ್ರಿ” ಎಂದೆ.

“ನನಗ ಹೊಲಿಗಿ ಮಷೀನಿನ ಪೆಡಲ್ ಸಾಕು. ಅದು ಇದ್ದಲ್ಲೇ ಇರ್ತೈತಿ” ಎಂದರು. ಪರಮಾನಂದ ಎಂದು ಹೆಸರಿಟ್ಟವರು ತಿಳಿದೇ ಇಟ್ಟಿದ್ದಾರೆ.

ಅತ್ತೆ ಗಾಡಿಯ ಸುತ್ತ ಒಂದು ಸುತ್ತು ಬಂದು ನೋಡಿದರು. “ಇದಕ್ಕ ಬ್ರೇಕ್ ಐತೋ ಇಲ್ಲೋ ಛಂದಂಗ ನೋಡ್ರಿ. ಇಕಿಗಂತೂ ಇಲ್ಲ.”

೧೯ ಜೂನ್, ರವಿವಾರ

ಮೊದಲ ಪಾಠ. ಗುರು — ಗೈಬುಸಾಬ. ಬಸ್‌ಸ್ಟ್ಯಾಂಡ್ ಹತ್ತಿರ ಗ್ಯಾರೇಜ್ ಇಟ್ಟಿದ್ದಾನೆ. ಏಳನೇ ಇಯತ್ತೆಯಲ್ಲಿ ನಾನು ಎರಡು ಸಲ ನಪಾಸು ಮಾಡಿದ ಹುಡುಗ. ಮೂರನೇ ವರ್ಷ ಸಾಲಿಗೆ ಬರಲೇ ಇಲ್ಲ. ಈಗ ಮೀಸೆ ಇದೆ.

ಊರ ಹೊರಗಿನ ಬಯಲಿಗೆ ಕರೆದೊಯ್ದ. ಸೆರಗು ಸೊಂಟಕ್ಕೆ ಬಿಗಿದು, ನಿರಿಗೆ ಎತ್ತಿ ಸಿಕ್ಕಿಸಿ ತಯಾರಾದೆ. ಇಂಜಿನ್ ಚಾಲೂ ಮಾಡಲು ಬಿಡಲಿಲ್ಲ. ಒಂದೂವರೆ ತಾಸು ಬರೀ ತಳ್ಳುವುದು, ಕೂರುವುದು, ಬ್ರೇಕ್ ಹಿಡಿಯುವುದು, ಕಾಲು ಊರುವುದು. ಮತ್ತೆ ತಳ್ಳುವುದು.

“ಓಡಸೂದು ಯಾವಾಗ ಕಲಸ್ತಿಯೋ?” ಎಂದು ರೇಗಿದೆ.

“ಮೊದಲ ನಿಲ್ಲಸೂದು ಕಲೀರಿ ಅಕ್ಕೋರ. ಓಡೂದು ಗಾಡಿಗೇ ಬರ್ತೈತಿ.”

ಉತ್ತರ ಸರಿಯಾಗಿತ್ತು. ಅದಕ್ಕೇ ಇನ್ನಷ್ಟು ಸಿಟ್ಟು ಬಂತು. ನನಗೆ ನಾನೇ ಕೊಟ್ಟುಕೊಂಡ ಅಂಕ: ಹತ್ತಕ್ಕೆ ಎರಡು. ಅದೂ ಸೀರೆ ನೀಟಾಗಿ ಉಟ್ಟಿದ್ದಕ್ಕೆ.

೨೬ ಜೂನ್, ರವಿವಾರ

ಇಂಜಿನ್ ಚಾಲೂ! ಆಕ್ಸಿಲರೇಟರ್ ಒಂದು ಬೆರಳಷ್ಟು ತಿರುವಿದರೆ ಸಾಕು ಎಂದಿದ್ದ. ಒಂದು ಮುಷ್ಟಿ ತಿರುವಿದೆ. ಗಾಡಿ ಹೋಯಿತು. ನಾನೂ ಅದರ ಜೊತೆಗೇ ಹೋದೆ ಎಂಬುದೇ ದೊಡ್ಡ ಮಾತು.

“ದೂರ ನೋಡ್ರಿ ಅಕ್ಕೋರ! ನೀವು ನೋಡಿದ ಕಡೆ ಗಾಡಿ ಹೋಗ್ತೈತಿ!” ಹಿಂದೆ ಓಡುತ್ತ ಕೂಗುತ್ತಿದ್ದ.

ನನ್ನ ಕಣ್ಣಿಗೆ ಇಪ್ಪತ್ತು ವರ್ಷದ ಚಟ. ಎಲ್ಲಿ ಕಿಡಿಗೇಡಿತನ ನಡೆದಿದೆಯೋ ಅಲ್ಲಿಗೇ ಹೋಗುತ್ತದೆ. ಬೇವಿನ ಮರದ ಕೆಳಗೆ ಇಬ್ಬರು ಇಸ್ಪೀಟು ಆಡುತ್ತಿದ್ದರು, ಇಬ್ಬರೂ ನನ್ನ ಕೈಯಲ್ಲಿ ಕಲಿತವರು. ನೋಡಿದೆ. ಗಾಡಿ ನೇರ ಅಲ್ಲಿಗೇ ಹೋಯಿತು. ಇಸ್ಪೀಟಿನ ಎಲೆಗಳೆಲ್ಲ ಹಾರಿದವು, ಚಾಪೆ ಚಕ್ರಕ್ಕೆ ಸುತ್ತಿಕೊಂಡಿತು. ಇಬ್ಬರೂ ಎದ್ದು ಕೈಕಟ್ಟಿ ನಿಂತರು.

“ತಪ್ಪಾತ್ರಿ ಅಕ್ಕೋರ. ಇನ್ನೊಮ್ಮಿ ಆಡೂದಿಲ್ರಿ.”

ಬೇಕೆಂದೇ ಬಂದೆ ಎಂದುಕೊಂಡಿದ್ದಾರೆ. ತಿದ್ದಲಿಲ್ಲ. “ಮನೀಗೆ ಹೋಗ್ರಿ” ಎಂದು ಗದರಿ ಕಳಿಸಿದೆ.

೩ ಜುಲೈ, ರವಿವಾರ

ಎಡ, ಬಲ, ನಿಧಾನ, ನಿಲ್ಲು — ಎಲ್ಲ ಬರುತ್ತಿದೆ. ಎರಡೂ ಬ್ರೇಕ್ ಒಟ್ಟಿಗೆ, ಮೆಲ್ಲಗೆ. ತಿರುವಿಗೆ ಮೊದಲೇ ವೇಗ ಇಳಿಸುವುದು. ಖುಷಿಯಾಗಿ ಊರೊಳಗೆ ತಂದೆ. ಅದೇ ತಪ್ಪಾಯಿತು.

ಕಿರಾಣಿ ಅಂಗಡಿಯ ಖಂಡೆಪ್ಪ ಕಟ್ಟೆಯ ಮೇಲೆ ನಿಂತಿದ್ದರು. ಎರಡೂ ಕೈ ಜೋಡಿಸಿ, “ಶರಣ್ರೀ ಅಕ್ಕೋರ” ಎಂದರು.

ನಾನೂ ಎರಡೂ ಕೈ ಜೋಡಿಸಿ ‘ಶರಣ್ರೀ’ ಎಂದೆ.

ಮುಂದಿನದು ಪಾಪಾಸುಕಳ್ಳಿ.

ಈ ಊರಿನಲ್ಲಿ ಶರಣು ಎಂದರೆ ಎರಡೂ ಕೈ. ಒಂದು ಕೈ ಎತ್ತಿದರೆ ನೊಣ ಓಡಿಸಿದ ಹಾಗೆ. ಚಿಕ್ಕಂದಿನಿಂದ ಕಲಿತದ್ದು, ಇಪ್ಪತ್ತು ವರ್ಷ ಕಲಿಸಿದ್ದು. ಎದುರಿನವರ ಕೈ ಕೂಡಿದರೆ ನನ್ನ ಕೈ ನನ್ನನ್ನು ಕೇಳುವುದಿಲ್ಲ, ತಾನೇ ಎದ್ದುಬಿಡುತ್ತದೆ.

“ಬಾಯಿಲೆ ಅನ್ರಿ ಅಕ್ಕೋರ. ಕೈ ಬಿಡಬ್ಯಾಡ್ರಿ” ಎಂದ ಗೈಬುಸಾಬ, ಗಾಡಿಯ ಮುಳ್ಳು ತೆಗೆಯುತ್ತ. ನನ್ನ ಮುಳ್ಳು ಅತ್ತೆ ತೆಗೆದರು. ಪ್ರತಿ ಮುಳ್ಳಿಗೂ ಒಂದು ಮಾತು.

೬ ಜುಲೈ

ಮಲಗಲು ಬರುತ್ತಿಲ್ಲ. ಎಲ್ಲಿ ಮುಳ್ಳು ಎಂದು ಬರೆಯುವುದಿಲ್ಲ.

೧೦ ಜುಲೈ, ರವಿವಾರ

ಕೈ ಬಿಡಲಿಲ್ಲ! ಪೇಟೆಯ ಉದ್ದಕ್ಕೂ ಏಳು ಜನ ಶರಣು ಎಂದರು. ಹಲ್ಲು ಕಚ್ಚಿ, ಹ್ಯಾಂಡಲ್ ಕಚ್ಚಿ ಹಿಡಿದು, ತಲೆ ಮಾತ್ರ ಅಲ್ಲಾಡಿಸಿದೆ. ಬಾಯಿಂದ ಅಂದ ಶರಣು ಇಂಜಿನ್ ಸದ್ದಿನಲ್ಲಿ ನನಗೇ ಕೇಳಲಿಲ್ಲ. ಮನೆ ಮುಟ್ಟಿದಾಗ ಲೋಕ ಗೆದ್ದ ಹಾಗಾಗಿತ್ತು.

ಸಂಜೆ ಯಜಮಾನರು ಅಂಗಡಿಯಿಂದ ಬಂದರು. “ಇವತ್ತ ನಾಕು ಮಂದಿ ಬಂದಿದ್ರು. ಒಬ್ರೂ ಹೊಲಿಯಾಕ ಅರಿವಿ ತರಲಿಲ್ಲ. ಎಲ್ಲಾರೂ ನಿನ್ನ ಸುದ್ದಿ ತಂದ್ರು.”

“ಏನಂತ?”

“ಅಕ್ಕೋರಿಗೆ ಗಾಡಿ ಬಂತು, ಸೊಕ್ಕೂ ಬಂತು ಅಂತ. ಖಂಡೆಪ್ಪನವರಂತೂ ಭಾಳ ನೊಂದಾರ.”

ಊಟ ಸೇರಲಿಲ್ಲ. ಪಾಪಾಸುಕಳ್ಳಿ ಇದಕ್ಕಿಂತ ಎಷ್ಟೋ ಮೇಲು.

೧೭ ಜುಲೈ, ರವಿವಾರ

ಹೊಸ ಉಪಾಯ. ಯಾರು ಶರಣು ಎಂದರೂ ನಿಲ್ಲಿಸುವುದು, ಇಳಿಯುವುದು, ಸ್ಟ್ಯಾಂಡ್ ಹಾಕುವುದು, ಎರಡೂ ಕೈ ಜೋಡಿಸುವುದು, ಮತ್ತೆ ಏರುವುದು. ಇಂಗಳೇಶ್ವರದವರೆಗೆ ಹೋಗಿ ನೋಡಿದೆ. ಹತ್ತೊಂಬತ್ತು ಸಲ ಇಳಿದೆ. ಎರಡು ತಾಸು ಐವತ್ತು ನಿಮಿಷ. ಕಾಯಿಪಲ್ಯೆ ಬುಟ್ಟಿ ಹೊತ್ತ ಸಿದ್ದಲಿಂಗವ್ವ ಒಬ್ಬಳೇ ಮೊಮ್ಮಕ್ಕಳ ಓದಿನ ಬಗ್ಗೆ ಹತ್ತು ನಿಮಿಷ ಕೇಳಿದಳು.

ಹಿಂದಿನಿಂದ ಬೀರಣ್ಣನ ಚಕ್ಕಡಿ ಬಂದು ನನ್ನನ್ನು ದಾಟಿ ಹೋಯಿತು. ದಾಟುವಾಗ ಕೇಳಿದ, “ಅಕ್ಕೋರ, ಹಗ್ಗಾ ಕಟ್ಟಿ ಎಳೀಲೇನ್ರಿ?”

೨೮ ಜುಲೈ

ಪತ್ರ ಬಂತು. ಆಗಸ್ಟ್ ಒಂದು, ಸೋಮವಾರ, ಶಿಕ್ಷಣ ಇಲಾಖೆಯ ಸಾಹೇಬರು ಸಾಲಿಯ ತಪಾಸಣೆಗೆ. ಬೀರಣ್ಣನ ಚಕ್ಕಡಿ ಶನಿವಾರಕ್ಕೆ ಕೊನೆ. ಸೋಮವಾರದಿಂದ ಅವನಿಗೆ ಹೊಲದ ಕೆಲಸ ಇಲ್ಲ, ಎತ್ತಿಗೂ ವಿಶ್ರಾಂತಿ. ಒಟ್ಟಿನಲ್ಲಿ ಮೊಪೆಡ್, ಇಲ್ಲವೇ ಲಚ್ಯಾಣ.

೨೯ ಜುಲೈ, ಶುಕ್ರವಾರ

ಸಾಲಿ ಬಿಟ್ಟ ಮೇಲೆ ಗ್ಯಾರೇಜಿಗೆ ಹೋದೆ. ನಿಂತರೆ ತಡ. ನಿಲ್ಲದಿದ್ದರೆ ಸೊಕ್ಕು. ಕೈ ಬಿಟ್ಟರೆ ಮುಳ್ಳು. ಮೂರನ್ನೂ ಅವನ ಮುಂದೆ ಸುರಿದೆ.

“ನನ್ನ ಕೈಲೆ ಆಗೂದಿಲ್ಲೋ ಗೈಬುಸಾಬ. ನನ್ನ ನಪಾಸ್ ಮಾಡಿಬಿಡು.”

ಅವನು ನಟ್ಟು ಬಿಗಿಯುತ್ತಲೇ ಅಂದ, “ನಾ ಯಾರನ್ನೂ ನಪಾಸ್ ಮಾಡಂಗಿಲ್ರಿ ಅಕ್ಕೋರ. ಮತ್ತೊಮ್ಮಿ ಕಲಸ್ತೇನಿ.”

ಕುಟುಕಲು ಹೇಳಿದ್ದಲ್ಲ. ಸಹಜವಾಗಿ ಹೇಳಿದ. ಮನೆಗೆ ಬಂದು ಅದನ್ನೇ ಯೋಚಿಸುತ್ತ ಕೂತೆ. ಲೆಕ್ಕದಲ್ಲಿ ಅವನು ದಡ್ಡನಾಗಿರಲಿಲ್ಲ. ಹಾಜರಿ ಸಾಲಲಿಲ್ಲ. ದಿನಾ ತಡವಾಗಿ ಬರುತ್ತಿದ್ದ. ದಿನಾ ಹೊರಗೆ ನಿಲ್ಲಿಸುತ್ತಿದ್ದೆ.

೧ ಆಗಸ್ಟ್, ಸೋಮವಾರ. ಬೆಳಿಗ್ಗೆ ಒಂಬತ್ತೂವರೆ

ಹೊರಡುತ್ತಿದ್ದೇನೆ. ರಾತ್ರಿ ಮಳೆ ಬಿದ್ದಿದೆ. ಅತ್ತೆ ಗಾಡಿಗೆ ಕುಂಕುಮ ಹಚ್ಚಿದರು, ನನಗೆ ಮೊಸರು ಕೊಟ್ಟರು. “ಯಾರು ಶರಣು ಅಂದ್ರೂ ನಾ ಆಮ್ಯಾಲ ಮನಿಮನೀಗೆ ಹೋಗಿ ಅಂದು ಬರ್ತೇನಿ. ನೀ ಕೈ ಬಿಡಬ್ಯಾಡ.” ಅತ್ತೆಯ ಕಣ್ಣಲ್ಲಿ ನೀರಿತ್ತೋ, ಹೊಗೆಯೋ...

ಅದೇ ದಿನ, ರಾತ್ರಿ

ಸಾವಕಾಶ ಬರೆಯಬೇಕು. ಒಂದೂ ಬಿಡಬಾರದು.

ಪೇಟೆಯ ತಿರುವಿಗೆ ಬಂದೆ. ಖಂಡೆಪ್ಪನವರು ಕಟ್ಟೆಯ ಮೇಲಿದ್ದರು. ನನ್ನ ಗಾಡಿಯ ಸದ್ದು ಕೇಳಿದ್ದೇ ತಡ, ಬೆನ್ನು ತಿರುಗಿಸಿ ಅಂಗಡಿಯ ಕಡೆ ಮುಖ ಮಾಡಿ ನಿಂತರು. ಇಷ್ಟೊಂದು ಸಿಟ್ಟೇ? ಮುಂದೆ ಚಹಾದ ಅಂಗಡಿಯ ಮುಂದೆ ಐದು ಜನ, ಐದೂ ಬೆನ್ನು. ಕೈಗಳನ್ನು ಹಿಂದೆ ಕಟ್ಟಿಕೊಂಡಿದ್ದರು. ಸಿದ್ದಲಿಂಗವ್ವ ಬುಟ್ಟಿ ಇಳಿಸಿ ಗೋಡೆಗೆ ಮುಖ ಇಟ್ಟು ನಿಂತಿದ್ದಳು. ಊರೇ ನನ್ನನ್ನು ಬಿಟ್ಟಿತು ಎಂದುಕೊಂಡೆ. ಕಣ್ಣು ಮಂಜಾಯಿತು. ದೂರ ನೋಡು, ದೂರ ನೋಡು ಎಂದು ನನಗೆ ನಾನೇ ಹೇಳಿಕೊಂಡು ಓಡಿಸಿದೆ.

ಊರು ದಾಟಿದ ಮೇಲೆ ಬೀರಣ್ಣ. ಹೊಲದ ಕೆಲಸ ಇಲ್ಲದಿದ್ದರೂ ಚಕ್ಕಡಿ ಹೂಡಿಕೊಂಡು ಬಂದಿದ್ದ. ತಾನು ತಿರುಗಿದ್ದಲ್ಲದೆ ಎತ್ತುಗಳ ಮುಖವನ್ನೂ ಹೊಲದ ಕಡೆ ತಿರುಗಿಸಿ ನಿಲ್ಲಿಸಿದ್ದ! ಬೆನ್ನು ಹಾಕಿಯೇ ಕೂಗಿದ:

“ಹೋಗ್ರಿ ಅಕ್ಕೋರ, ಹೋಗ್ರಿ! ನಾವು ಯಾರೂ ನಿಮ್ಮನ್ನ ನೋಡೇ ಇಲ್ಲ! ಶರಣು ಅಂದು ಅಕ್ಕೋರ ಕೈ ಬಿಡಸಬ್ಯಾಡ್ರಿ ಅಂತ ಗೈಬುಸಾಬ ನಿನ್ನೆ ಮನಿಮನೀಗೆ ಬಂದು ಹೇಳಿ ಹೋಗ್ಯಾನ!”

ಆಗ ತಿಳಿಯಿತು. ನಕ್ಕೆನೋ ಅತ್ತೆನೋ. ಎರಡೂ ಒಟ್ಟಿಗೆ ಮಾಡಿಕೊಂಡು ಗಾಡಿ ಹೊಡೆಯುವುದನ್ನು ಗೈಬುಸಾಬ ಕಲಿಸಿರಲಿಲ್ಲ. ಆದರೂ ಕೈ ಬಿಡಲಿಲ್ಲ. ಇಂಗಳೇಶ್ವರದವರೆಗೂ ಬೆನ್ನು, ಬೆನ್ನು, ಬೆನ್ನು. ನನ್ನ ಜೀವಮಾನದಲ್ಲಿ ಯಾರೂ ನನಗೆ ಇಷ್ಟು ಮರ್ಯಾದೆ ಕೊಟ್ಟಿಲ್ಲ.

ಹತ್ತು ಹತ್ತೊಂಬತ್ತು. ನೀಲಿ ಶಾಯಿಯಲ್ಲಿ ಸಹಿ.

ಸಾಹೇಬರ ಜೀಪು ನನ್ನ ಹಿಂದೆಯೇ ಬಂದಿತ್ತಂತೆ. ತಪಾಸಣೆ ಮುಗಿಸಿ, ನನ್ನನ್ನು ಬದಿಗೆ ಕರೆದು ಮೆತ್ತಗೆ ಕೇಳಿದರು. “ಅಕ್ಕೋರ, ವೇಳೆ ಸರಿ ಐತಿ, ವರ್ಗದ ಮಾತು ಬಿಡ್ರಿ. ಆದ್ರ ಈ ಮಂದಿ ನಿಮ್ಮ ಮ್ಯಾಲ ಯಾಕ ಇಷ್ಟು ಸಿಟ್ಟಾಗ್ಯಾರ? ದಾರಿ ತುಂಬ ಬೆನ್ನು ತಿರುವಿ ನಿಂತಿದ್ರಲ್ಲ. ಅರ್ಜಿ ಗಿರ್ಜಿ ಬಂದೀತು.”

“ಸಿಟ್ಟಲ್ರಿ ಸಾಹೇಬರ. ಎಲ್ಲಾರೂ ನನ್ನ ಹಳೇ ವಿದ್ಯಾರ್ಥಿಗಳು, ಅವರ ಮನಿ ಮಂದಿರಿ” ಎಂದೆ.

ಅವರು ಇನ್ನಷ್ಟು ಗಾಬರಿಯಾಗಿ ನೋಟ್‌ಬುಕ್ಕಿನಲ್ಲಿ ಏನೋ ಬರೆದುಕೊಂಡರು. ಬರೆದುಕೊಳ್ಳಲಿ.

ತಿರುಗಿ ಬರಲು ಎರಡೂವರೆ ತಾಸು ಹಿಡಿಯಿತು. ಬೆನ್ನು ಕೊಟ್ಟವರನ್ನೆಲ್ಲ ಹುಡುಕಿ ಹುಡುಕಿ ಗಾಡಿ ನಿಲ್ಲಿಸಿದೆ. ಇಳಿದೆ. ಸ್ಟ್ಯಾಂಡ್ ಹಾಕಿದೆ. ಎರಡೂ ಕೈ ಜೋಡಿಸಿದೆ. ಖಂಡೆಪ್ಪನವರು ಕೈಗೆ ಬೆಲ್ಲದ ತುಂಡು ಇಟ್ಟು, “ನಾನ ತಪ್ಪು ತಿಳಕೊಂಡಿದ್ನಿ ತಂಗಿ” ಎಂದರು.

ಕೊನೆಗೆ ಗ್ಯಾರೇಜು. ಲಾರಿಯ ಕೆಳಗಿನಿಂದ ಎರಡು ಕಾಲು ಮಾತ್ರ ಕಾಣುತ್ತಿದ್ದವು. ನನ್ನ ದನಿ ಕೇಳಿ ಹೊರಗೆ ತೆವಳಿ ಬಂದ.

“ಪಾಸೇನ್ರಿ ಅಕ್ಕೋರ?”

ಹೇಳಬೇಕಾದ್ದನ್ನು ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಬಂದಿದ್ದೆ. ಒಂದೂ ನೆನಪಾಗಲಿಲ್ಲ. “ಗೈಬುಸಾಬ, ನೀ ಆವಾಗ ದಿನಾ ಯಾಕ ತಡಾ ಬರ್ತಿದ್ದಿ?” ಎಂದು ಕೇಳಿದೆ.

“ಅದೆಲ್ಲಾ ಈಗ್ಯಾಕ್ರಿ” ಎಂದು ನಕ್ಕ. ನಾನು ಬಿಡಲಿಲ್ಲ.

“ಅವ್ವ ಹಾಸಿಗಿ ಹಿಡದಿದ್ಲರಿ. ತಂಗೇರಿಗೆ ರೊಟ್ಟಿ ಬಡದಿಟ್ಟು ಬರೂದ್ರಾಗ ಘಂಟಿ ಹೊಡದಿರ್ತಿತ್ರಿ.”

ಇಷ್ಟೇ. ಹದಿನೈದು ವರ್ಷದ ಹಿಂದೆ ಕೇಳಿದ್ದರೆ ಇಷ್ಟೇ ಹೇಳುತ್ತಿದ್ದ. ನನಗೆ ಕೇಳಲು ಬಾಯಿರಲಿಲ್ಲ, ಬೆತ್ತ ಇತ್ತು.

ಅಲ್ಲೇ, ಗ್ಯಾರೇಜಿನ ಎಣ್ಣೆ ನೆಲದ ಮೇಲೆ ನಿಂತು ಅವನಿಗೆ ಎರಡೂ ಕೈ ಜೋಡಿಸಿದೆ. ಅವನು ದಿಗಿಲು ಬಿದ್ದ. “ಬ್ಯಾಡ್ರಿ ಅಕ್ಕೋರ, ಕೈ ತಗೀರಿ, ಮಂದಿ ನೋಡ್ತಾರ.” ತೆಗೆಯಲಿಲ್ಲ. ಅವನು ಅತ್ತಿತ್ತ ನೋಡಿದ. ಆಮೇಲೆ ತನ್ನ ಎಣ್ಣೆಗೈ ಎರಡನ್ನೂ ಅಂಗಿಗೆ ಒರೆಸಿಕೊಂಡು, ನನ್ನ ಮುಂದೆ ಜೋಡಿಸಿ, “ಶರಣ್ರೀ ಅಕ್ಕೋರ” ಎಂದ.