ಚೀಟಿಯಲ್ಲಿಲ್ಲದ ಮಾತು

ಅಡಿಲೇಡ್
ಭಾನುವಾರ, ಸೆಪ್ಟೆಂಬರ್ 10, 2023

ಮುದ್ದು ಟೀಗನ್,

ಚೆನ್ನಾಗಿದ್ದೀಯಲ್ಲ? ಹೋಬಾರ್ಟ್‌ನಲ್ಲಿ ಚಳಿ ಇನ್ನೂ ಬಿಟ್ಟಿರಲಿಕ್ಕಿಲ್ಲ. ನಾನು ಹೆಣೆದು ಕಳಿಸಿದ ಟೋಪಿಯನ್ನು ನೀನು ಹಾಕಿಕೊಳ್ಳುತ್ತೀಯೋ, ನಿನ್ನ ಬೆಕ್ಕು ಅದರೊಳಗೆ ಮಲಗುತ್ತದೋ, ಯಾವುದಾದರೂ ನನಗೆ ಸಂತೋಷವೇ. ನಿನ್ನ ಕಾರ್ಡು ಜೂನ್‌ನಲ್ಲಿ ಬಂತು, ಉತ್ತರ ಈಗ ಬರೆಯುತ್ತಿದ್ದೇನೆ. ಪರೀಕ್ಷೆಯಿತ್ತು, ಆಸ್ಪತ್ರೆಯಲ್ಲಿ ತರಬೇತಿಯಿತ್ತು ಎಂದು ನೆಪ ಹೇಳಬಹುದು. ನಿಜವೆಂದರೆ ನಾಲ್ಕು ಸಲ ಬರೆದು ನಾಲ್ಕು ಸಲವೂ ಹರಿದು ಹಾಕಿದೆ. ಬೇಜಾರು ಮಾಡಿಕೊಳ್ಳಬೇಡ.

ಕಾರ್ಡಿನಲ್ಲಿ ನೀನು ಬರೆದದ್ದು ಒಂದೇ ಸಾಲು. “ನಲವತ್ತೊಂಬತ್ತಕ್ಕೆ ನರ್ಸಿಂಗೂ ಬೇಕು, ಸೈಕಾಲಜೀನೂ ಬೇಕು ಅಂತೀಯಲ್ಲಮ್ಮ, ಒಂದು ಸಾಲಲ್ವಾ ನಿಂಗೆ?” ತಮಾಷೆಗೆ ಕೇಳಿದೆಯೋ ಸಿಟ್ಟಿನಿಂದ ಕೇಳಿದೆಯೋ ಗೊತ್ತಾಗಲಿಲ್ಲ. ಅಪ್ಪ ಹೋದ ಮೇಲೆ ಈ ಒಂಬತ್ತು ವರ್ಷದಲ್ಲಿ ನೀನು ನನ್ನನ್ನು ಕೇಳಿದ ಎರಡನೆಯ ಪ್ರಶ್ನೆ ಇದು. ಮೊದಲನೆಯದನ್ನು ಅವರನ್ನು ಮಣ್ಣು ಮಾಡಿದ ದಿನ ಕೇಳಿದ್ದೆ, ಚರ್ಚಿನ ಪಕ್ಕದ ಹಾಲ್‌ನಲ್ಲಿ, ಸ್ಯಾಂಡ್‌ವಿಚ್ ತಟ್ಟೆ ಕೈಯಲ್ಲಿ ಹಿಡಿದುಕೊಂಡು. “ಅಪ್ಪ ಅವತ್ತೇ ಹೋಗ್ತಾರೆ ಅಂತ ನಿಂಗೆ ಗೊತ್ತಿತ್ತಾ?” ನಾನು ಇಲ್ಲ ಎಂದೆ. ನೀನು ಮತ್ತೆ ಕೇಳಲಿಲ್ಲ. ಆಮೇಲೆ ಊರಿಗೆ, ಕಡೀನಾದ ನಮ್ಮ ಮನೆಗೂ ಬರಲಿಲ್ಲ.

ಇಲ್ಲಿ ನನ್ನ ಸಂಸಾರ ದೊಡ್ಡದೇನಲ್ಲ. ಒಬ್ಬ ಗ್ರೀಕ್ ಅಜ್ಜಿಯ ಹಿತ್ತಲಲ್ಲಿ ಒಂದು ಕೋಣೆ, ಪಕ್ಕದಲ್ಲೊಂದು ನಿಂಬೆ ಗಿಡ. ಸೋಮವಾರ ಒಂದು ಪಾತ್ರೆ ಕುಂಬಳಕಾಯಿ ಸೂಪ್ ಮಾಡಿದರೆ ಗುರುವಾರದವರೆಗೂ ಅದೇ ಊಟ. ಶನಿವಾರ ಬೇಕರಿಯಿಂದ ಮಾಂಸ, ಆಲೂಗಡ್ಡೆ ತುಂಬಿದ ಪೇಸ್ಟಿ ತಂದು, ಇಂದಿಗೂ ಅರ್ಧ ತಿಂದು ಅರ್ಧ ತೆಗೆದಿಡುತ್ತೇನೆ. ಯಾರಿಗೆಂದು ಕೇಳಬೇಡ, ಕೈಗೆ ಅಭ್ಯಾಸ. ಕೆಲವು ಶನಿವಾರ, ಭಾನುವಾರಗಳಲ್ಲಿ ನನ್ನ ಗಂಟಲಿನಿಂದ ಒಂದು ಮಾತೂ ಹೊರಡುವುದಿಲ್ಲ. ಸೋಮವಾರ ತರಗತಿಯಲ್ಲಿ “ಗುಡ್ ಮಾರ್ನಿಂಗ್” ಎಂದರೆ ದನಿ ಕರಕರ ಎನ್ನುತ್ತದೆ.

ಎರಡು ಪದವಿ ಒಟ್ಟಿಗೆ ಓದುವವರ ಪಾಡು ಏನು ಗೊತ್ತೇ? ಎರಡು ಮನೆಯಲ್ಲೂ ನೆಂಟರು. ನರ್ಸಿಂಗ್ ಹುಡುಗಿಯರಿಗೆ ನಾನು “ಪ್ರೊಫೆಸರ್”. “ಬನ್ನಿ ಪ್ರೊಫೆಸರ್, ಬೆಡ್‌ಪ್ಯಾನ್ ಮನಸ್ಸಲ್ಲಿ ಏನಿದೆ ಅಂತ ಸ್ವಲ್ಪ ಹೇಳಿ” ಎಂದು ಕಾಡುತ್ತಾರೆ. ಸೈಕಾಲಜಿಯವರಿಗೆ ನಾನು “ಸಿಸ್ಟರ್”. ಯಾರಿಗಾದರೂ ತಲೆ ನೋವು ಬಂದರೆ ಮಾತ್ರೆಗೆ ನನ್ನ ಚೀಲಕ್ಕೇ ಕೈ ಹಾಕುತ್ತಾರೆ. ಒಳ್ಳೆಯ ಮಕ್ಕಳು. ಆದರೆ ನಾನು ಆಸ್ಪತ್ರೆಯ ತರಬೇತಿಗೆ ಹೋದ ಆರು ವಾರದಲ್ಲಿ ಇವರ ಗುಂಪುಗಳಾಗಿರುತ್ತವೆ, ವಾಪಸು ಬರುವಷ್ಟರಲ್ಲಿ ಅವರ ಜೋಕುಗಳೂ ನನಗೆ ಅರ್ಥವಾಗುವುದಿಲ್ಲ. ಕಳೆದ ಬುಧವಾರ ಎರಡೂ ತರಗತಿಯವರು ಒಂದೇ ಗಂಟೆಗೆ ಬೀಳ್ಕೊಡುಗೆಯ ಫೋಟೋ ತೆಗೆಸಿಕೊಂಡರು. ನಾನು ಯಾವುದಕ್ಕೆ ಹೋಗಲಿ ಎಂದು ಯೋಚಿಸುತ್ತ ಮೆಟ್ಟಿಲ ಮೇಲೆ ಕೂತೆ, ಎರಡೂ ಮುಗಿದುಹೋದವು. ಅವರೆಲ್ಲರದೂ ಮೂರು ವರ್ಷದ ಓದು, ನನ್ನದು ನಾಲ್ಕು. ಮುಂದಿನ ವರ್ಷ ಪರಿಚಯದವರು ಒಬ್ಬರೂ ಇರುವುದಿಲ್ಲ. ಅವತ್ತು ಸೆಪ್ಟೆಂಬರ್ ಆರು, ಅಪ್ಪ ಹೋದ ದಿನ, ನಿನಗೆ ನೆನಪಿದ್ದೇ ಇರುತ್ತದೆ. ಫೋನ್ ಮಾಡೋಣವೆಂದು ಎರಡು ಸಲ ಕೈಗೆತ್ತಿಕೊಂಡು ಇಟ್ಟೆ.

ನರ್ಸಿಂಗ್ ಪ್ರಾಯೋಗಿಕ ಪರೀಕ್ಷೆಯಲ್ಲಿ ನನಗೆ ಅಂಕ ಹೋಯಿತು ಎಂದರೆ ನಗುತ್ತೀಯ. ಹದಿನಾಲ್ಕು ವರ್ಷ ವೃದ್ಧರ ಆರೈಕೆ ಮನೆಯಲ್ಲಿ ದುಡಿದವಳು ನಾನು, ಹಾಸಿಗೆಯಲ್ಲಿದ್ದದ್ದು ಪ್ಲಾಸ್ಟಿಕ್ ಗೊಂಬೆ. ಪರೀಕ್ಷಕಿ ಬೆವ್ ನನಗಿಂತ ಹತ್ತು ವರ್ಷ ಚಿಕ್ಕವಳು, ಬಾಯಿ ಮಾತ್ರ ನಮ್ಮ ಅಜ್ಜಿಯದು.

“ರೇಲೀನ್, ನಿಮ್ ಕೈ ಚೆನ್ನಾಗಿದೆ. ಆದ್ರೆ ನೋಡೋಕ್ ಮುಂಚೆನೇ ಹೊದಿಸಿಬಿಡ್ತೀರಲ್ಲ, ಯಾಕೆ? ಕಾಲು ನೋಡಿದ್ರಾ?”

“ಚಳಿ ಆಗತ್ತೆ ಅಂತ...”

“ಗೊಂಬೆಗೇನ್ರೀ ಚಳಿ! ಮೊದ್ಲು ಹೊದಿಕೆ ತೆಗೀರಿ, ನೋಡಿ, ನೋಡಿದ್ದನ್ನ ಬರೀರಿ. ಆಮೇಲೆ ಹೊದಿಸಿ.”

ಎರಡು ಅಂಕ ಹೋಯಿತು. ಮರುಪರೀಕ್ಷೆಯಲ್ಲೂ ಕೈ ಅದೇ ಕೆಲಸ ಮಾಡಿತು.

ಸೈಕಾಲಜಿಯಲ್ಲಿ ಈ ಸಲ ಆಪ್ತಸಲಹೆಯ ಪಾಠ. ಇಬ್ಬಿಬ್ಬರು ಎದುರುಬದುರು ಕೂತು ಒಬ್ಬರು ಸಲಹೆಗಾರರು, ಇನ್ನೊಬ್ಬರು ಕಷ್ಟ ಹೇಳಿಕೊಳ್ಳಲು ಬಂದವರು ಎಂದು ನಟಿಸಬೇಕು. ಏನು ಕಷ್ಟ ಎನ್ನುವುದು ಒಂದು ಚೀಟಿಯಲ್ಲಿ ಬರೆದಿರುತ್ತದೆ. ಸ್ವಂತದ್ದನ್ನು ತರಬಾರದು, ಅದೊಂದು ಕಟ್ಟುನಿಟ್ಟು. ನನಗೆ ಬಂದ ಚೀಟಿಯಲ್ಲಿ “ಗಂಡ ತೀರಿಕೊಂಡು ಒಂದು ತಿಂಗಳಾಗಿದೆ, ನಿದ್ದೆ ಬರುವುದಿಲ್ಲ” ಎಂದಿತ್ತು. ಎದುರಿಗೆ ಜಾರ್ಜಾ ಎನ್ನುವ ಇಪ್ಪತ್ತರ ಹುಡುಗಿ, ಉಗುರಿಗೆ ನೀಲಿ ಬಣ್ಣ. ಅವಳು ತಲೆ ಓರೆ ಮಾಡಿ “ಆ ದಿನದ ಬಗ್ಗೆ ಹೇಳ್ತೀರಾ?” ಎಂದು ಕೇಳಿ, ಕಲಿಸಿಕೊಟ್ಟ ಹಾಗೆ ಸುಮ್ಮನೆ ಕೂತಳು. ಅಷ್ಟು ಹೊತ್ತು ಯಾರೂ ನನ್ನ ಮುಂದೆ ಸುಮ್ಮನೆ ಕೂತಿರಲಿಲ್ಲ, ಟೀಗನ್. ಚೀಟಿಯಲ್ಲಿ ಇಲ್ಲದ್ದನ್ನೆಲ್ಲ ಹೇಳಿಬಿಟ್ಟೆ.

ಮುಗಿದಾಗ ಜಾರ್ಜಾ ಕಣ್ಣೊರೆಸಿಕೊಂಡು ಚಪ್ಪಾಳೆ ತಟ್ಟಿದಳು. “ಅಯ್ಯೋ ರೇ, ನೀವು ಟೀವೀಲಿ ಇರ್ಬೇಕಿತ್ತು ಕಣ್ರೀ! ಎಲ್ಲಿಂದ ಹುಟ್ಟಿಸಿದ್ರಿ ಅದನ್ನೆಲ್ಲ?” ಹಿಂದೆ ನಿಂತು ಕೇಳುತ್ತಿದ್ದ ಅಧ್ಯಾಪಕ ಡಾಕ್ಟರ್ ಫರುಜಿಯಾ ಇಡೀ ತರಗತಿಯನ್ನು ಕರೆದರು. “ಇನ್ನೊಂದ್ಸಲ ಮಾಡಿ ತೋರಿಸ್ತೀರಾ ರೇಲೀನ್? ಇವರಿಗೆಲ್ಲ ಗೊತ್ತಾಗ್ಲಿ, ದುಃಖ ಅಂದ್ರೆ ಬರೀ ಅಳೋದಲ್ಲ ಅಂತ.”

ಇದು ನನ್ನದೇ ಕಥೆ ಎಂದು ಆಗಲೇ ಹೇಳಬೇಕಿತ್ತು. ಹೇಳಲಿಲ್ಲ. ಮೂವತ್ತು ಮಕ್ಕಳು ನನ್ನ ಸುತ್ತ ಕುರ್ಚಿ ಎಳೆದುಕೊಂಡು ಕೂತಿದ್ದರು, ಎಲ್ಲರ ಕಣ್ಣೂ ನನ್ನ ಮೇಲೆ. ನನಗೆ ಹಿತವೆನಿಸಿತು, ನಾಚಿಕೆ ಬಿಟ್ಟು ಹೇಳುತ್ತೇನೆ. ಮತ್ತೆ ಹೇಳಿದೆ. ಮಾರನೆಯ ವಾರ ಇನ್ನೊಂದು ಗುಂಪಿಗೂ ಹೇಳಿದೆ. ಮೂರನೆಯ ಸಲಕ್ಕೆ ಎಲ್ಲಿ ನಿಲ್ಲಿಸಿದರೆ ಅವರು ಉಸಿರು ಬಿಗಿಹಿಡಿಯುತ್ತಾರೆ ಎನ್ನುವುದೂ ನನಗೆ ತಿಳಿದುಹೋಗಿತ್ತು. ಅವತ್ತು ಕೋಣೆಗೆ ಬಂದು ಸೂಪ್ ಬಿಸಿಗಿಟ್ಟವಳಿಗೆ ನನ್ನ ಮೇಲೇ ಅಸಹ್ಯವಾಯಿತು. ಸೂಪ್ ಸೀದು ತಳ ಹಿಡಿಯುವವರೆಗೂ ಹಾಗೇ ನಿಂತಿದ್ದೆ.

ಈಗ ಫರುಜಿಯಾ ಅದನ್ನು ವಿಡಿಯೋ ಮಾಡಬೇಕೆನ್ನುತ್ತಿದ್ದಾರೆ. ಅಕ್ಟೋಬರ್ ಹತ್ತೊಂಬತ್ತಕ್ಕೆ. ಮುಂದಿನ ವರ್ಷಗಳ ಮಕ್ಕಳಿಗೆಲ್ಲ ಅದನ್ನೇ ತೋರಿಸುತ್ತಾರಂತೆ. ನಾನು ಯೋಚಿಸಿ ಹೇಳುತ್ತೇನೆ ಎಂದಿದ್ದೇನೆ.

ನಿನ್ನ ಕೆಲಸ ಹೇಗಿದೆ? ಮೇಲಿನ ಮನೆಯವರ ಗಲಾಟೆ ನಿಂತಿತೇ? ಕಡೀನಾದ ಮನೆಯ ಬಾಡಿಗೆದಾರರು ನಿನ್ನ ಕೋಣೆಗೆ ಹಳದಿ ಬಣ್ಣ ಬಳಿಯಬಹುದೇ ಎಂದು ಕೇಳಿದರು, ಬೇಡವೆಂದೆ. ನಿನ್ನ ನೆಟ್‌ಬಾಲ್ ಪದಕ ನನ್ನ ಹತ್ತಿರವೇ ಇದೆ, ಇಲ್ಲಿ ಕಿಟಕಿಗೆ ತೂಗುಹಾಕಿದ್ದೇನೆ.

ಹೊತ್ತಿಗೆ ಸರಿಯಾಗಿ ಊಟ ಮಾಡು. ಬರೀ ಟೋಸ್ಟ್ ತಿಂದು ಮಲಗಬೇಡ. ನಿನ್ನನ್ನು ಪ್ರೀತಿಸುವವರು ನಿನ್ನ ಹತ್ತಿರದಲ್ಲೇ ಇರಲಿ, ನಿನಗೆ ನಿಜವನ್ನೇ ಹೇಳುವವರಾಗಿರಲಿ. ಇಷ್ಟೇ ನಾನು ದಿನವೂ ಬೇಡಿಕೊಳ್ಳುವುದು.

ನಿನ್ನ
ಅಮ್ಮ

ಮರೆತ ಮಾತು: ಮರೆತದ್ದಲ್ಲ, ಇದನ್ನು ಬರೆಯಲಾರದೆಯೇ ಆ ನಾಲ್ಕು ಕಾಗದ ಹರಿದದ್ದು. ಆರೈಕೆ ಮನೆಯಲ್ಲಿ ನಮಗೊಂದು ಅಭ್ಯಾಸವಿತ್ತು. ಕೊನೆ ಹತ್ತಿರ ಬಂದವರ ಮೊಣಕಾಲಿನ ಮೇಲೆ ನೇರಳೆ ಬಣ್ಣದ ಬಲೆಯಂಥ ಕಲೆ ಏಳುತ್ತದೆ. ಅದು ಕಂಡರೆ ಉಳಿದಿರುವುದು ಕೆಲವೇ ಗಂಟೆ ಎಂದು ನಾವೆಲ್ಲ ತಿಳಿದುಕೊಳ್ಳುತ್ತಿದ್ದೆವು. ಮನೆಯವರು ಒಳಗೆ ಬರುವ ಮುಂಚೆ ಹೊದಿಕೆ ಎಳೆದು ಮೊಣಕಾಲು ಮುಚ್ಚುತ್ತಿದ್ದೆವು, ನೋಡಿ ಹೆದರದಿರಲಿ ಎಂದು. ಆ ಶನಿವಾರ ಬೆಳಿಗ್ಗೆ, ಮನೆಯಲ್ಲಿ ಹಾಸಿಗೆ ಹಿಡಿದಿದ್ದ ಅಪ್ಪನ ಮೈ ಒರೆಸುವಾಗ ಅದನ್ನು ಕಂಡೆ. ಅಷ್ಟರಲ್ಲಿ ನೀನು ನೆಟ್‌ಬಾಲ್ ಫೈನಲ್ ಪಂದ್ಯಕ್ಕೆ ಹೊರಟು, ಚೀಲ ಹೆಗಲಿಗೆ ಹಾಕಿಕೊಂಡು ಬಾಗಿಲಲ್ಲಿ ಬಂದು ನಿಂತೆ. “ಅಪ್ಪ ಪರವಾಗಿಲ್ವಾಮ್ಮ? ಹೋಗ್ಲಾ, ಇರ್ಲಾ?” ಎಂದೆ. ನಾನು ಹೊದಿಕೆ ಎಳೆದೆ. “ಮಲಗಿದಾರೆ ಹೋಗು, ಗೆದ್ದು ಬಾ” ಎಂದೆ.

ಗೊತ್ತಿತ್ತು, ಟೀಗನ್. ಸ್ಯಾಂಡ್‌ವಿಚ್ ತಟ್ಟೆ ಹಿಡಿದು ನೀನು ಕೇಳಿದಾಗ ಸುಳ್ಳು ಹೇಳಿದೆ. ನಾನು ಕಂಡದ್ದು ಏನೆಂದು ಸರಿಯಾಗಿ ತಿಳಿಯಬೇಕಿತ್ತು, ಕಂಡೂ ಯಾಕೆ ಹಾಗೆ ಮಾಡಿದೆ ಎಂದೂ ತಿಳಿಯಬೇಕಿತ್ತು. ಅದಕ್ಕೇ ನನಗೆ ಒಂದು ಓದು ಸಾಲಲಿಲ್ಲ. ನಿನ್ನನ್ನು ಕಾಪಾಡಿದೆ ಎಂದುಕೊಂಡಿದ್ದೆ. ನಿನ್ನ ಮುಖ ನೋಡುವ ಧೈರ್ಯ ನನಗಿರಲಿಲ್ಲ, ಅಷ್ಟೇ.

ಇಷ್ಟನ್ನೂ ಮೂರು ಸಲ ಪರರ ಮುಂದೆ ಹೇಳಿ ಚಪ್ಪಾಳೆ ಗಿಟ್ಟಿಸಿದೆ, ನಿನಗೆ ಈಗ ಹೇಳುತ್ತಿದ್ದೇನೆ. ನೀನು ಬೇಡವೆಂದರೆ ವಿಡಿಯೋ ಇಲ್ಲ. ಒಂದು ಮಾತನ್ನು ಮಾತ್ರ ಯಾರಿಗೂ ಹೇಳಿಲ್ಲ, ಅದು ನಿನ್ನದು. ನೀನು ಹೋದ ಮೇಲೆ ಅಪ್ಪ ಕಣ್ಣು ಬಿಟ್ಟರು. “ಟೀಗ್ ಎಲ್ಲಿ?” ಎಂದು ಎರಡು ಸಲ ಕೇಳಿದರು.