ಸೊಸೆ ಸೈಕಲ್ಲಿನಲ್ಲೇ ಬರುತ್ತಾಳೆ

ಕಣ್ಣಾಸ್ಪತ್ರೆಯ ಮ್ಯಾನೇಜರ್ ಅವರಿಗೆ,

ನಿಮ್ಮಲ್ಲಿ ಮುಂದಿನ ಕೌಂಟರಿನಲ್ಲಿ ಕೂತು ಚೀಟಿ ಬರೆಯುವವಳ ಅತ್ತೆ ನಾನು. "ಸೈಕಲ್ ತುಳ್ಕೊಂಡು ಬೆವರು ಸುರಿಸ್ತಾ ಬಂದ್ರೆ ಆಸ್ಪತ್ರೆ ಮರ್ಯಾದೆ ಏನಾಗ್ಬೇಕಮ್ಮಾ? ಬಸ್ಸಲ್ಲಿ ಬಾ. ಇಲ್ಲಾಂದ್ರೆ ಸೋಮವಾರದಿಂದ ಹಿಂದಿನ ಫೈಲು ರೂಮಿಗೆ ಹೋಗು" ಎಂದಿರಂತೆ.

ಇದೇ ಮಾತನ್ನು ಮೂರು ವರ್ಷ ನಾನೂ ಅವಳಿಗೆ ಹೇಳಿದ್ದೇನೆ, ನಿಮಗಿಂತ ಗಟ್ಟಿಯಾಗಿ. ಅವಳು "ಆಯ್ತು ಅತ್ತೆ" ಎಂದು ಬೆಲ್ಲು ಹೊಡೆದು ಹೊರಟೇಬಿಡುತ್ತಿದ್ದಳು. ಹೇಳಲು ನಾನು ಅವಳ ಅತ್ತೆ. ನೀವು ಯಾರು? ಅವಳು ಒಂದು ದಿನವಾದರೂ ತಡವಾಗಿ ಬಂದಿದ್ದಾಳೆಯೇ? ಹಾಜರಿ ಪುಸ್ತಕ ತೆಗೆದು ನೋಡಿ. ಹಾಗೆಯೇ ಕಾರಿನಲ್ಲಿ ಬರುವ ನಿಮ್ಮ ಹೆಸರಿನ ಮುಂದೆಯೂ ಕಣ್ಣಾಡಿಸಿ.

ನಿನ್ನೆ ಅವಳು, "ಸೈಕಲ್ ಮಾರಿಬಿಡೋಣ ಅತ್ತೆ" ಎಂದಳು. ಮೂರು ವರ್ಷದಿಂದ ನಾನು ಕೇಳಬೇಕೆಂದಿದ್ದ ಮಾತು ಅದು. ಕೇಳಿದ ಮೇಲೆ ನನಗೆ ಮೈಯೆಲ್ಲ ಉರಿಯಿತು.

ಸೋಮವಾರ ಅವಳು ಸೈಕಲ್ಲಿನಲ್ಲೇ ಬರುತ್ತಾಳೆ, ತನ್ನ ಕುರ್ಚಿಯಲ್ಲೇ ಕೂರುತ್ತಾಳೆ. ಹಿಂದೆ ಕ್ಯಾರಿಯರ್ ಮೇಲೆ ನಾನಿರುತ್ತೇನೆ. ಹೇಗೂ ಕಣ್ಣು ತೋರಿಸುವುದಿದೆ. ತೋರಿಸಿಯಾದ ಮೇಲೂ ಸಂಜೆ ಅವಳು ಹೊರಡುವ ತನಕ ಎದುರಿನ ಬೆಂಚಿನಲ್ಲಿ ಕೂತಿರುತ್ತೇನೆ. ಹೇಳುವುದೇನಾದರೂ ಇದ್ದರೆ ಅಲ್ಲಿಗೇ ಬಂದು ನನಗೆ ಹೇಳಿ.

ಇಂತಿ,
ಅವಳ ಅತ್ತೆ